ಪ್ರಭಾವತಿಯ ತೊಟ್ಟಿ

ಸತ್ತವರು ಉಪ್ಪುನೀರಿನ ಮೀನಾಗಿ ಮನೆಗೆ ಮರಳುತ್ತಿದ್ದ ಕಾಲವದು. ಸುಗುಣ ಮದುವೆಯಾಗಿ ಬಂದಾಗ, ಗಂಡ ವಿಠಲನ ಮೊದಲ ಹೆಂಡತಿ ಪ್ರಭಾವತಿ ಹಜಾರದ ಗಾಜಿನ ತೊಟ್ಟಿಯಲ್ಲಿದ್ದಳು. ವಿಠಲ ದಿನವೂ ಅವಳೆದುರು ಕುಳಿತೇ ಕಾಫಿ ಕುಡಿಯುತ್ತಿದ್ದ. ತೊಟ್ಟಿಯ ನೀರು ಸೋಸುವ ಫಿಲ್ಟರಿನ ಸ್ಪಂಜು ತೊಳೆಯುವ ಕೆಲಸ ಮಾತ್ರ ಸುಗುಣಳದು.

ಹೊಟ್ಟೆಕಿಚ್ಚಿಗೆ ಅವಳು ಎರಡು ವಾರ ಸ್ಪಂಜು ಮುಟ್ಟಲಿಲ್ಲ. ನೀರು ಮಬ್ಬಾಯಿತು. ಮೀನು ಬಾಯಿ ತೆರೆಯುತ್ತ ಮೇಲಕ್ಕೆ ಬಂತು.

"ಉಸಿರು ಕಟ್ತಿದೆ ಕಣೇ," ಎಂದಳು ಪ್ರಭಾವತಿ.

"ನಿಮ್ಮ ಗಂಡನ್ನೇ ಕೇಳಿ ಅಕ್ಕ. ದಿನಾ ಎದುರಿಗೇ ಕೂತಿರ್ತಾರಲ್ಲ."

"ಕೂತ್ಕೊಂಡು ನಿನ್ನ ವಿಷಯಾನೇ ಹೇಳ್ತಾರೆ. ನಿನ್ನೆ ನನ್ನನ್ನೇ ಸುಗುಣ ಅಂತ ಕರೆದ್ರು. ನನಗೂ ಹೊಟ್ಟೆ ಉರೀತು."

ಸುಗುಣ ತೊಟ್ಟಿಯ ನೀರನ್ನೇ ಬಕೆಟ್ಟಿಗೆ ತೆಗೆದುಕೊಂಡು, ಅದರಲ್ಲಿ ಸ್ಪಂಜು ಅದ್ದಿ ಹಿಂಡತೊಡಗಿದಳು. ಕೊಳೆಯೆಲ್ಲ ಬಿಟ್ಟ ಮೇಲೆ, ತಲೆಯೆತ್ತದೆ ಕೇಳಿದಳು:

"ಇನ್ನೇನೇನು ಹೇಳಿದ್ರು ಅಕ್ಕ?"