ಒಂದನೇ ನಂಬರಿನ ಎದೆ

ವರದಿ ತೆರೆದವನು ಮೊದಲು ನಂಬರು ನೋಡಿದ. ಒಂದು. ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಒಂದೇ.

‘ಬಲ ಶ್ವಾಸಕೋಶದಲ್ಲಿ ದೊಡ್ಡ ಗಡ್ಡೆ. ಎಡಕ್ಕೂ ಹರಡಿದ ಗುರುತುಗಳಿವೆ. ತಡ ಮಾಡದೆ ಬರಬೇಕು.’ ಕೆಳಗೆ ದೂರದ ಆಸ್ಪತ್ರೆಯ ದೊಡ್ಡ ಡಾಕ್ಟರ ಸಹಿ.

ಒಂದನೇ ನಂಬರು ಅವನ ಅಕ್ಕನದು.

ಆ ಎಕ್ಸ್‌ರೇ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಚಿತ್ರ ತೆಗೆಯುವವನು ಅವನು. ಚಿತ್ರ ಅಲುಗಾಡದೆ ಬಂದಿದೆಯೇ ಎಂದಷ್ಟೇ ನೋಡುತ್ತಿದ್ದ. ಒಳಗೇನಿದೆ ಎಂದು ಹುಡುಕುವ ಚಾಳಿಯನ್ನು ಬೇಕೆಂದೇ ಬಿಟ್ಟಿದ್ದ. ಹುಡುಕಿದರೆ ಆಮೇಲೆ ಎದುರು ಕುಳಿತವರ ಮುಖ ನೋಡಲು ಆಗುವುದಿಲ್ಲ.

ಮೊದಲೆಲ್ಲ ಚಿತ್ರಗಳನ್ನು ಡಿಸ್ಕಿಗೆ ತುಂಬಿ ಬಸ್ಸಿಗೆ ಹಾಕುತ್ತಿದ್ದರು. ಉತ್ತರ ಬರಲು ಮೂರು ದಿನ. ಈಗ ಕಂಪ್ಯೂಟರೇ ದೂರದ ಸರ್ವರಿಗೆ ಕಳಿಸಬೇಕೆಂದು ಆದೇಶ ಬಂದಿತ್ತು. ಅವನೇ ಕೂತು ಎಲ್ಲ ಹೊಂದಿಸಿದ. ಕಂಪ್ಯೂಟರುಗಳು ಒಂದನ್ನೊಂದು ಗುರುತಿಸಲು ಗುಟ್ಟಿನ ಅಕ್ಷರಗಳ ಎರಡು ಕೀಲಿ ಮಾಡಿ, ಒಂದನ್ನು ಆಚೆಯವರಿಗೆ ಕೊಟ್ಟು, ಇನ್ನೊಂದನ್ನು ಯಾರಿಗೂ ತೋರಿಸದೆ ತನ್ನ ಕಂಪ್ಯೂಟರಿನಲ್ಲೇ ಇಟ್ಟ. ಸರ್ವರ್ ಮೊದಲ ಸಲ ತನ್ನ ಗುರುತಿನ ಅಕ್ಷರ ತೋರಿಸಿದಾಗ, ಅದನ್ನು ನೋಡಿಕೊಳ್ಳುವವನಿಂದ ಫೋನಿನಲ್ಲಿ ಒಂದೊಂದೇ ಅಕ್ಷರ ಓದಿಸಿ, ತಾಳೆಯಾದ ಮೇಲೆ ಹೌದು ಎಂದು ಒತ್ತಿದ. ರೋಗಿಗಳ ಹೆಸರು ಹೊರಗೆ ಹೋಗಬಾರದೆಂದು ಚಿತ್ರಗಳಿಗೆ ಬರೀ ನಂಬರು ಕೊಟ್ಟ. ಒಂದು ಫೈಲಿನ ಮೇಲೆ ಇನ್ನೊಂದು ಕೂತು ಅಳಿಸಿಬಿಡಬಾರದೆಂದು, ಅದೇ ನಂಬರು ಆಚೆ ಇದ್ದರೆ ಮುಟ್ಟದೆ ಮುಂದೆ ಹೋಗಲಿ ಎಂದೂ ಬರೆದಿಟ್ಟ. ಸೋಮವಾರ ಮಧ್ಯಾಹ್ನ, ರೋಗಿಗಳು ಯಾರೂ ಇಲ್ಲದ ಹೊತ್ತಿನಲ್ಲಿ, ಎದೆಯದೊಂದು ಚಿತ್ರ ತೆಗೆದು ಕಳಿಸಿ ನೋಡಿದ. ಹೋಯಿತು. ಇನ್ನು ಗಂಟೆಗೊಮ್ಮೆ ತನ್ನಷ್ಟಕ್ಕೆ ತಾನೇ ಹೋಗುತ್ತದೆ ಎಂದು ನಿರಾಳವಾದ.

ಮಂಗಳವಾರ ಬೆಳಿಗ್ಗೆ ಅಕ್ಕನನ್ನೇ ಮೊದಲು ನಿಲ್ಲಿಸಿದ. ತಿಂಗಳಿನಿಂದ ಕೆಮ್ಮುತ್ತಿದ್ದಳು.

“ಕೆಮ್ಮಿದೋರೆಲ್ಲ ಸಾಯ್ತಾರೇನೋ? ನೀನೂ ಕೆಮ್ತಿಲ್ವಾ?”

“ನಂದು ಈ ಕೋಣೆ ಧೂಳು.”

“ನಂದು ನಿನ್ನ ಬಟ್ಟೆ ಒದರಿದ ಧೂಳು. ಹೋಗ್ಲಿ, ಬೇಗ ತೆಗಿ, ಒಲೆ ಮೇಲೆ ಹಾಲಿಟ್ಟು ಬಂದಿದೀನಿ.”

ಬುಧವಾರ ವರದಿ ಬಂತು.

ಹೇಳಿದಾಗ ಅವಳು ಬಟ್ಟೆ ಮಡಚುತ್ತಿದ್ದಳು. ಮಡಚುವುದನ್ನು ನಿಲ್ಲಿಸಲಿಲ್ಲ.

“ಎಷ್ಟು ದಿನ ಅಂತೆ?”

“ಬರ್ದಿಲ್ಲ.”

“ನಿಮ್ಮ ಡಾಕ್ಟರು ಬೇಡದ್ದೆಲ್ಲ ಬರೀತಾರೆ. ಬೇಕಾದ್ದು ಬರಿಯಲ್ಲ.”

ಅಷ್ಟೇ. ಅವಳು ಅಳಲಿಲ್ಲ. ಅವನಿಗೂ ಅಳು ಬರಲಿಲ್ಲ. ಎದೆಯೊಳಗೆ ಹತ್ತಿ ತುರುಕಿದಂತಿತ್ತು. ಇಬ್ಬರಿಗೂ ಬೇರೆ ಯಾರೂ ಇಲ್ಲ. ಒಂದೇ ಮನೆ, ಎರಡು ತಟ್ಟೆ. ಮುಂದಿನ ವಾರ ದೂರದ ಆಸ್ಪತ್ರೆಗೆ ಹೋಗುವುದೆಂದಾಯಿತು.

ಗುರುವಾರ ಅವಳು ಮನೆಯ ಲೆಕ್ಕಾಚಾರವನ್ನೆಲ್ಲ ಒಪ್ಪಿಸಲು ಕೂತಳು. ಸೂಜಿದಾರ ಎಲ್ಲಿದೆ, ಯಾವ ಕಿಟಕಿಯ ಚಿಲಕ ಸಡಿಲ, ಅನ್ನಕ್ಕೆ ನೀರು ಎಷ್ಟು ಬೆರಳು. ಆಮೇಲೆ ಅವನ ಅಂಗಿಗಳನ್ನು ಗುಡ್ಡೆ ಹಾಕಿಕೊಂಡು, ಎರಡೂ ಪಕ್ಕ ಒಂದೊಂದು ಬೆರಳು ಒಳಗೆ ಹಿಡಿದು ಹೊಲಿದಳು.

“ನಾನಿರುವಾಗ್ಲೇ ಹಿಂಗೆ ಇಳಿದು ಹೋಗಿದೀಯ. ನಾನು ಹೋದ ಮೇಲೆ ನಿನ್ನ ಅಂಗಿಯೊಳಗೆ ಹುಡುಕ್ಬೇಕಾಗತ್ತೆ.”

ಅವನು ನಕ್ಕ. ನಗು ಕೆಮ್ಮಾಯಿತು.

ಶುಕ್ರವಾರ ಕೆಲಸಕ್ಕೆ ಹೋಗುವಾಗ ಇಪ್ಪತ್ತು ಮೆಟ್ಟಿಲು ಹತ್ತಲು ಎರಡು ಕಡೆ ನಿಂತು ಉಸಿರು ತೆಗೆದುಕೊಂಡ. ದುಃಖಕ್ಕೆ ಇಷ್ಟು ಭಾರವಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಮೇಲೆ ಹೋದವನೇ ಸರ್ವರ್ ನೋಡಿಕೊಳ್ಳುವವನಿಗೆ ಫೋನ್ ಮಾಡಿ, ಒಂದನೇ ನಂಬರಿನ ಚಿತ್ರವನ್ನು ಇನ್ನೊಬ್ಬ ಡಾಕ್ಟರಿಗೂ ತೋರಿಸಲು ಆಗುತ್ತದೆಯೇ ಎಂದು ಕೇಳಿದ.

“ಅದಕ್ಕೇನು ಸಾರ್, ತೋರಿಸೋಣ. ಸೋಮವಾರ ನಾಲ್ಕು ಹತ್ತಕ್ಕೆ ಬಂದದ್ದು ತಾನೇ?”

“ಮಂಗಳವಾರ.”

“ಇಲ್ಲ ಸಾರ್, ಸೋಮವಾರ. ಮಂಗಳವಾರ ನಿಮ್ಮದು ಎರಡನೇ ನಂಬರಿಂದ ಶುರುವಾಗಿದೆ.”

ಅವನು ತನ್ನ ಕಂಪ್ಯೂಟರಿನ ದಾಖಲೆ ತೆರೆದ. ಮಂಗಳವಾರದ ಮೊದಲ ಸಾಲು: ‘ಒಂದು. ಆಚೆ ಈಗಾಗಲೇ ಇದೆ. ಮುಟ್ಟಿಲ್ಲ.’

ಸೋಮವಾರ ಕಳಿಸಿ ನೋಡಿದ ಫೈಲನ್ನು ಆಚೆಯಿಂದ ಅಳಿಸಲು ಮರೆತಿದ್ದ. ಮಂಗಳವಾರ ಎಣಿಕೆಯನ್ನು ಮತ್ತೆ ಒಂದರಿಂದಲೇ ಶುರು ಮಾಡಿದ್ದ. ಅಕ್ಕನ ಚಿತ್ರ ಈ ಕೋಣೆ ಬಿಟ್ಟು ಹೋಗಿರಲೇ ಇಲ್ಲ. ಡಾಕ್ಟರು ನೋಡಿದ್ದು ಸೋಮವಾರದ ಎದೆಯನ್ನು.

“ಹಂಗಾದ್ರೆ ಒಳ್ಳೇ ಸುದ್ದಿ ಅಲ್ವಾ ಸಾರ್!” ಎಂದ ಆಚೆಯವನು.

ಅವನು ದಾಖಲೆ ಮುಚ್ಚಿದ. “ಹೌದು. ಒಳ್ಳೇ ಸುದ್ದಿ.”

ಅಕ್ಕನ ಚಿತ್ರಕ್ಕೆ ಹೊಸ ನಂಬರು ಕೊಟ್ಟು ಕಳಿಸಿದ. ಸಂಜೆಯೊಳಗೆ ಉತ್ತರ ಬಂತು. ಗಡ್ಡೆಯಿಲ್ಲ, ಕಲೆಯಿಲ್ಲ. ಹಳೆಯ ನೆಗಡಿ. ಒಂದು ಬಾಟಲಿ ಔಷಧಿ ಸಾಕು.

ಅದನ್ನು ಕೇಳಿ ಅಕ್ಕ ಮೊದಲು ಅವನ ಬೆನ್ನಿಗೆ ಗುದ್ದಿದಳು. “ಮೂರು ದಿನ ಜೀವ ತೆಗೆದ್ಯಲ್ಲೋ ಪಾಪಿ!” ಆಮೇಲೆ ನಕ್ಕಳು. ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅತ್ತು ಮುಗಿಸಿ, ಮೂಗೊರೆಸಿಕೊಂಡು, ಅವನ ತಟ್ಟೆಗೆ ಅನ್ನ ಬಡಿಸುತ್ತ ಕೇಳಿದಳು.

“ಅಲ್ವೋ, ಹಂಗಾದ್ರೆ ಆ ಗಡ್ಡೆ ಯಾರದೋ? ಅವರಿಗೆ ಹೇಳಿದ್ಯಾ?”

“ಗೊತ್ತಾಗಿದೆ ಅವರಿಗೆ.”

“ಪಾಪ. ನೋಡ್ಕೊಳ್ಳೋಕೆ ಮನೇಲಿ ಯಾರಾದ್ರೂ ಇದಾರೇನೋ?”

ಅವನು ತಟ್ಟೆಯನ್ನು ಹತ್ತಿರ ಎಳೆದುಕೊಂಡ.

“ಅಕ್ಕ ಒಬ್ಬಳಿದಾಳೆ.”