ಸುಗಂಧಿಯ ಉತ್ತರ

ಉಪಗ್ರಹಗಳು ಮೂಕವಾಗಿ, ದಿಕ್ಸೂಚಿಯ ಮುಳ್ಳು ದಿನಕ್ಕೊಂದು ಕಡೆ ತಿರುಗತೊಡಗಿ ಹನ್ನೊಂದು ವರ್ಷ ಕಳೆದಿತ್ತು. ಮಧ್ಯಾಹ್ನದ ನೆರಳನ್ನು ಅಳೆದು ನಿಜವಾದ ಉತ್ತರ ದಿಕ್ಕು ಯಾವುದೆಂದು ಹೇಳುವುದು ಈಗ ಹಡಗಿನ ಕೆಡೆಟ್‌ಗಳ ಕೆಲಸ.

ಮಲ್ಪೆಯ ಸುಗಂಧಿಗೆ ಮೊದಲ ಸರದಿ ಬಂದ ದಿನ ಹಡಗು ಹವಳದ ದಿಬ್ಬಗಳ ನಡುವೆ ಇತ್ತು. ಅವಳ ಲೆಕ್ಕ ಕ್ಯಾಪ್ಟನ್ ಫರ್ನಾಂಡಿಸರ ಲೆಕ್ಕಕ್ಕೆ ಹೊಂದಲಿಲ್ಲ.

"ನಂದು ಇಪ್ಪತ್ತು ವರ್ಷದ ಸರ್ವಿಸ್ ಮಾರಾಯ್ತಿ," ಎಂದರು ಅವರು.

"ನೀವು ಅಳೆಯುವಾಗ ಹಡಗು ವಾಲಿತ್ತು ಸರ್. ನಾನು ಮೂರು ಸಲ ಅಳೆದಿದ್ದೇನೆ."

ಅವಳು ಲೆಕ್ಕ ಬರೆದ ಹಾಳೆಯನ್ನು ಅವರ ಮುಂದೆ ಹಿಡಿದಳು.

ಫರ್ನಾಂಡಿಸ್ ಮತ್ತೊಮ್ಮೆ ಅಳೆದರು. ತಮ್ಮ ಹಳೆಯ ಲೆಕ್ಕವನ್ನು ಹೊಡೆದುಹಾಕಿ, ಚುಕ್ಕಾಣಿ ಹಿಡಿದವನಿಗೆ ಹೇಳಿದರು: "ಸುಗಂಧಿ ಹೇಳಿದ ಉತ್ತರಕ್ಕೇ ತಿರುಗಿಸು."

ನಲವತ್ತು ಸಾವಿರ ಟನ್ನಿನ ಹಡಗು ಅವಳ ಮಾತು ಕೇಳಿ ನಿಧಾನವಾಗಿ ಹೊರಳಿತು.