ಮಾರಾಟಕ್ಕಿಲ್ಲದ ಗುರುತು

ಈ ಪ್ರಸಂಗವನ್ನು ಮೊದಲು ಹೇಳಿದವಳು ಮನಾಗುವಾ ನಗರದ ಪೆತ್ರೊನಿಲಾ. ಹೇಳಿದ್ದು ಕಳೆದ ವರ್ಷ, ಮೊದಲ ಮಳೆಗೆ ಮುಂಚಿನ ವಾರದಲ್ಲಿ, ಸಂಜೆ ಬೀದಿಗೆ ಕುರ್ಚಿ ಹಾಕಿಕೊಂಡು ಕುಳಿತಿದ್ದ ನೆರೆಯವರಿಗೆ. ಹಳೆಯ ವಾಹನಗಳ ಬಿಡಿಭಾಗ ಮಾರುವ ಗುಜರಿ ಅಂಗಳವೊಂದರ ಬಾಗಿಲಲ್ಲಿ ಅವಳು ಜೋಳದ ತಂಪು ಪಾನೀಯ ಮಾರುತ್ತಾಳಾದ್ದರಿಂದ, ಎಲ್ಲವನ್ನೂ ಕಣ್ಣಾರೆ ಕಂಡವಳು.

ಪ್ರಸಂಗ ನಡೆದ ದಿನ ಬೆಳಗ್ಗೆ ಇವಾನಿಯಾ ಎಂಬ ಹುಡುಗಿ ಅಂಗಳದಲ್ಲಿ ಕಂಬ ಹುಡುಕುತ್ತಿದ್ದಳು. ವ್ಯಾಪಾರದ ಹೊಸ ಸಾಫ್ಟ್‌ವೇರನ್ನು ಅಲ್ಲಿನ ಕೆಲಸಗಾರರಿಗೆ ಕಲಿಸಲು ಬಂದಿದ್ದವಳು ಅವಳು. ಯಾವ ವಾಹನ ಎಲ್ಲಿದೆಯೆಂದು ಟ್ಯಾಬ್ಲೆಟ್ಟಿನಲ್ಲಿ ದಾಖಲಿಸಲು ಅನುಕೂಲವಾಗಲೆಂದು ಕಬ್ಬಿಣದ ಕಂಬಗಳಿಗೆಲ್ಲ ಬಣ್ಣ ಬಳಿದು ನಂಬರು ಬರೆದಿದ್ದಳು.

“ದೋನ್ ಎವುದೋರೊ, ನಾಲ್ಕನೇ ಕಂಬ ಎಲ್ಲಿ?”

“ಮಾರ್ಬಿಟ್ಟೆ, ಮಗಳೇ,” ಎಂದ, ಎಲ್ಲರಿಂದಲೂ ಗೌರವದಿಂದ ‘ದೋನ್’ ಎನಿಸಿಕೊಳ್ಳುತ್ತಿದ್ದ ಆ ಹಿರಿಯ ಕೆಲಸಗಾರ.

“ಕಂಬಾನಾ?”

“ಒಳ್ಳೇ ಪೈಪು. ನೀನು ಬಣ್ಣ ಬಳಿದ ಮೇಲೆ ಇನ್ನೂ ಲಕ್ಷಣವಾಗಿ ಕಾಣ್ತಿತ್ತು. ಉಳಿದದ್ದನ್ನೂ ಮಧ್ಯಾಹ್ನ ಬಂದು ಒಯ್ತಾರಂತೆ.”

ಸಂಜೆ ಇವಾನಿಯಾಳ ಪರೀಕ್ಷೆ ಇತ್ತು. ಅಂಗಳವನ್ನು ಹೊಸದಾಗಿ ಕೊಂಡಿದ್ದ ಯಜಮಾನಿ ದೋನ್ಯಾ ಮೆಲ್ಬಾ, ಯಾರನ್ನೂ ಕೇಳದೆ, ಟ್ಯಾಬ್ಲೆಟ್ ಒಂದನ್ನೇ ನೋಡಿಕೊಂಡು ತಾನೇ ಒಂದು ಬಿಡಿಭಾಗವನ್ನು ಹುಡುಕುವವಳಿದ್ದಳು. ಸಿಕ್ಕಿದರೆ ಇವಾನಿಯಾಗೆ ಅಲ್ಲೇ ಖಾಯಂ ಕೆಲಸ. ಸಿಗದಿದ್ದರೆ ಟ್ಯಾಬ್ಲೆಟ್ಟುಗಳ ಜೊತೆ ಅವಳೂ ವಾಪಸ್ಸು.

ಎವುದೋರೊ ಅಷ್ಟರಲ್ಲಿ ತನಗೆ ತಿಳಿದಂತೆ ಬರೆಯತೊಡಗಿದ್ದ: ‘ಹಳದಿ ಬಸ್ಸಿನಿಂದ ಸರೋವರದ ಕಡೆಗೆ ಮೂರು, ಮೇಲಕ್ಕೆ ಎರಡು.’ ಸರೋವರವೆಂದರೆ ಉತ್ತರ, ಮೇಲೆಂದರೆ ಮೂಡಣ, ಕೆಳಗೆಂದರೆ ಪಡುವಣ; ಎಣಿಕೆ ವಾಹನಗಳದ್ದು. ಮನಾಗುವಾದಲ್ಲಿ ಮನೆಯ ವಿಳಾಸವನ್ನೂ ಹಾಗೆಯೇ ಹೇಳುವುದರಿಂದ ಇವಾನಿಯಾ ಅದಕ್ಕೆ ಆಕ್ಷೇಪವೆತ್ತಲಿಲ್ಲ. ಆದರೆ ಹಳದಿ ಬಸ್ಸು ಎಲ್ಲೂ ಕಾಣಲಿಲ್ಲ.

“ಅದು ಹೋಗಿ ಎಷ್ಟೋ ಕಾಲ ಆಯ್ತು, ಟೀಚರಮ್ಮ,” ಎಂದ ಇನ್ನೊಬ್ಬ ಕೆಲಸಗಾರ ಚಿಲೊ. “ಆದ್ರೆ ನಮ್ ತಲೇಲಿ ಇನ್ನೂ ಅಲ್ಲೇ ನಿಂತಿದೆ.”

“ಯಜಮಾನಿ ತಲೇಲಿ ನಿಂತಿಲ್ವಲ್ಲಾ!” ಇವಾನಿಯಾ ಅಂಗಳದ ನಡುವೆ, ಹಳೆಯ ಲಾರಿಯೊಂದರ ನೆರಳಿನಲ್ಲಿ, ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕುಸಿದು ಕುಳಿತಳು. “ಏನಾದ್ರೂ ಮಾಡಿ. ಮಾರಾಟಕ್ಕಿಲ್ಲದ ಒಂದು ಗುರುತು ಹಿಡೀರಿ. ಅಲ್ಲಿಂದ ಅಳೆದು ಬರೀರಿ.”

ಇಬ್ಬರೂ ಅಂಗಳದ ಮೇಲೆಲ್ಲ ಕಣ್ಣಾಡಿಸಿದರು. ಕ್ರೇನಿಗೆ ಗಿರಾಕಿ ಬಂದು ಹೋಗಿದ್ದ. ಬಾಗಿಲಿಗೂ ಮುಂಗಡ ಬಂದಿತ್ತು. ಸ್ವಲ್ಪ ಹೊತ್ತು ಪಿಸುಗುಟ್ಟಿ, ಏನೋ ಹೊಳೆದವರಂತೆ ಬರೆಯಲು ಹೊರಟರು. ಊಟದ ಹೊತ್ತು ಕಳೆದರೂ ನಿಲ್ಲಿಸಲಿಲ್ಲ. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕಲಿಸಿದ್ದು ಕೊನೆಗೂ ತಲೆಗೆ ಹತ್ತಿತಲ್ಲ ಎಂದು ಇವಾನಿಯಾ ಸಮಾಧಾನಪಟ್ಟಳು.

ಇಳಿಹೊತ್ತಿನಲ್ಲಿ ನೆರಳು ಕೊಡುತ್ತಿದ್ದ ಲಾರಿಯನ್ನು ಯಾರೋ ಕೊಂಡು ಎಳೆದುಕೊಂಡು ಹೋದರು. ಬಿಸಿಲು ನೇರವಾಗಿ ಮುಖಕ್ಕೆ ಬಡಿದಾಗ ಇವಾನಿಯಾ ಎದ್ದು ಕುರ್ಚಿಗೆ ಕೈ ಹಾಕಿದಳು.

“ಅಲುಗಾಡಬೇಡ!” ಎವುದೋರೊ ದೂರದಿಂದಲೇ ಕಿರುಚಿಕೊಂಡು ಓಡಿ ಬಂದ. “ಕೂತ್ಕೋ ನನ್ ತಾಯಿ, ಕೂತ್ಕೋ! ನೀನು ಆ ಕಡೆ ಸರಿದ್ರೆ ಇಂಜಿನ್ನುಗಳೆಲ್ಲ ನಿನ್ ಹಿಂದೆ ಬರ್ತವೆ!”

ಅವಳು ಟ್ಯಾಬ್ಲೆಟ್ ಕಿತ್ತುಕೊಂಡು ನೋಡಿದಳು. ಒಂದೊಂದು ಸಾಲೂ ‘ಟೀಚರಮ್ಮನಿಂದ’ ಎಂದೇ ಶುರುವಾಗಿತ್ತು.

“ಮಾರಾಟಕ್ಕಿಲ್ಲದ್ದು ಅಂದ್ಯಲ್ಲ,” ಎಂದ ಎವುದೋರೊ, ಏದುಸಿರು ಬಿಡುತ್ತ. “ಈ ಅಂಗಳದಲ್ಲಿ ಅಂಥದ್ದು ನೀನೊಬ್ಬಳೇ.”

ತಿದ್ದಲು ಸಮಯವಿರಲಿಲ್ಲ; ದೋನ್ಯಾ ಮೆಲ್ಬಾ ಬಾಗಿಲಲ್ಲಿ ಕಾರಿನಿಂದ ಇಳಿಯುತ್ತಿದ್ದಳು. ಇವಾನಿಯಾ ಬಿಸಿಲಲ್ಲೇ ಕುಳಿತಳು. ಪೆತ್ರೊನಿಲಾ ತನ್ನ ಹುಲ್ಲಿನ ಟೋಪಿಯನ್ನು ತಂದು ಅವಳ ತಲೆಗಿಟ್ಟಳು. ಯಜಮಾನಿ ಕೆಂಪು ಪಿಕಪ್ಪಿನ ಗೇರ್‌ಬಾಕ್ಸ್ ಬೇಕೆಂದು ಬೆರಳೊತ್ತಿ, ಬಂದ ಸಾಲನ್ನು ಗಟ್ಟಿಯಾಗಿ ಓದಿದಳು: “ಟೀಚರಮ್ಮನಿಂದ ಸರೋವರದ ಕಡೆಗೆ ನಾಲ್ಕು, ಕೆಳಕ್ಕೆ ಒಂದು.” ಕುರ್ಚಿಯತ್ತ ನೋಡಿದಳು. ಅಲ್ಲಿಂದಲೇ ವಾಹನಗಳನ್ನು ಎಣಿಸುತ್ತ ಗುಜರಿಯ ನಡುವೆ ಮರೆಯಾದಳು. ಬಾನೆಟ್ಟು ಎತ್ತಿದ ಸದ್ದಾಯಿತು.

“ಸಿಕ್ತು ಕಣ್ರೋ!”

ಮರಳಿ ಬಂದವಳ ಕೈಗೆಲ್ಲ ಗ್ರೀಸು, ಮುಖದ ತುಂಬ ನಗು. “ಸೋಮವಾರದಿಂದ ನೀನು ಇಲ್ಲೇ, ಹುಡುಗಿ. ಕೆಲಸ ಖಾಯಂ.”

“ಹಾಗಾದ್ರೆ ಈಗ ಏಳ್ಬಹುದಾ, ದೋನ್ಯಾ ಮೆಲ್ಬಾ?”

ಯಜಮಾನಿ ಟ್ಯಾಬ್ಲೆಟ್ಟನ್ನೊಮ್ಮೆ, ಅಂಗಳವನ್ನೊಮ್ಮೆ ನೋಡಿದಳು.

“ಇರು, ಇರು. ಒಂದು ರೇಡಿಯೇಟರೂ ಬೇಕಾಗಿತ್ತು.”

ಪೆತ್ರೊನಿಲಾ ಅಲ್ಲಿಗೆ ನಿಲ್ಲಿಸಿದಳು. ಬೀದಿಯಂಚಿನಲ್ಲಿ ಕುಳಿತು ಕೇಳುತ್ತಿದ್ದವರು ನಗುತ್ತ ಎದ್ದು, ತಮ್ಮ ತಮ್ಮ ತೂಗುಕುರ್ಚಿಗಳನ್ನು ಎತ್ತಿಕೊಂಡು ಮನೆಗಳಿಗೆ ಹೋದರು.